ಫ ಅನ್ನಲು ಹಲ್ಲು ಕಾಣಬೇಕು

ಸೋಮವಾರ. ಗಂಟೆ ಇನ್ನೂ ಐದೂವರೆ. ಮಧುಗಿರಿ ಬಸ್‌ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸು ನಿಂತಲ್ಲೇ ಗುರುಗುಟ್ಟುತ್ತಿದೆ. ಹೂವಿನ ಬುಟ್ಟಿ ಹತ್ತಿಸಿದ ಹೆಂಗಸು ಲಗೇಜಿನ ದುಡ್ಡಿಗೆ ಕಂಡಕ್ಟರ್ ಹತ್ತಿರ ಮಾತಿಗೆ ನಿಂತಿದ್ದಾಳೆ. ಡ್ರೈವರ್ ಕೈಯ ಟೀ ಇನ್ನೂ ಮುಗಿದಿಲ್ಲ. ನೀವು ಕಿಟಕಿ ಪಕ್ಕ ಕೂತುಕೊಳ್ಳಿ, ನಾನು ಈಚೆ ಕೂರುತ್ತೇನೆ. ಇನ್ನು ಹತ್ತು ನಿಮಿಷಕ್ಕೆ ಬೆಟ್ಟ ಕಾಣುತ್ತದೆ.

ಅಗೋ. ಇನ್ನೂ ಬಣ್ಣ ಬಂದಿಲ್ಲ, ಆಕಾಶಕ್ಕಿಂತ ಒಂದಿಷ್ಟು ಹೆಚ್ಚು ಕಪ್ಪು, ಅಷ್ಟೇ. ಅಷ್ಟೂ ಒಂದೇ ಕಲ್ಲು. ಸಮುದ್ರಮಟ್ಟದಿಂದ 3,900 ಅಡಿಗೂ ಮೇಲೆ ಎಂದು ಮೂರನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿದ್ದೆ. ಸಮುದ್ರಮಟ್ಟ ಎಂದರೇನು ಅಂತ ಆಗ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಮೂರು ವರ್ಷ ಆ ಮಟ್ಟದ ಮೇಲೆಯೇ ಬದುಕಿ ಬಂದೆ. ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪದಲ್ಲಿ ಇಂಗ್ಲಿಷ್ ಮಿಸ್ ಆಗಿದ್ದೆ. ಆ ದೇಶದ ನೆಲ ಸರಾಸರಿ ನೋಡಿದರೆ ಕಡಲಿಗಿಂತ ಒಂದೂವರೆ ಮೀಟರ್ ಎತ್ತರ. ನಾನು ನಿಂತರೆ ನನ್ನಷ್ಟೂ ಇಲ್ಲ.

ಅಲ್ಲಿ ಮೊದಲ ವಾರ ಮಕ್ಕಳಿಗೆ ಮೊಬೈಲಿನಲ್ಲಿ ಈ ಬೆಟ್ಟದ ಫೋಟೋ ತೋರಿಸಿದ್ದೆ. ಒಬ್ಬ ಹುಡುಗ ಬಹಳ ಹೊತ್ತು ನೋಡಿದ. ಆಮೇಲೆ, "ಇದು ಮೇಲೆ ಬೀಳಲ್ವಾ ಮಿಸ್? ಇದರ ಕೆಳಗೆ ಹೆಂಗೆ ನಿದ್ದೆ ಮಾಡ್ತೀರಾ?" ಎಂದು ಇಂಗ್ಲಿಷಿನಲ್ಲೇ ಕೇಳಿದ. ಅವನು ಗುಡ್ಡವನ್ನೇ ಕಂಡವನಲ್ಲ. ನಾನು ನಕ್ಕೆ. ಅದೇ ರಾತ್ರಿ ಕೋಣೆಯಲ್ಲಿ ಮಲಗಿ ಎರಡೂ ಕಡೆಯಿಂದ ಬರುವ ಕಡಲ ಸದ್ದು ಕೇಳುತ್ತಾ, ಇದು ಮೇಲೆ ಬಂದರೆ ಏನು ಗತಿ ಎಂದು ನಿದ್ದೆಗೆಟ್ಟೆ. ಅವನದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಬಸ್ಸು ಹೊರಟಿತು. ಚಳಿಗಾಳಿ ಒಳಗೆ ನುಗ್ಗುತ್ತಿದೆ, ಶಟರ್ ಎಳೆದುಕೊಳ್ಳಿ.

ನಿಮಗೊಂದು ಮಾತು ಹೇಳಬೇಕು. ಮಧುಗಿರಿ ಕಂದಾಯದ ಲೆಕ್ಕದಲ್ಲಿ ಜಿಲ್ಲೆಯಲ್ಲ, ತುಮಕೂರು ಜಿಲ್ಲೆಯ ಒಂದು ತಾಲ್ಲೂಕು. ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಬೇರೆಯೇ ಒಂದು ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪೇಪರಿನ ಪಟ್ಟಿಯಲ್ಲಿ ತುಮಕೂರು ಒಂದು ಕಡೆ, ಮಧುಗಿರಿ ಇನ್ನೊಂದು ಕಡೆ. ಆ ದಿನ ಊರೂರಲ್ಲೂ ನಾವು ಎಷ್ಟನೇ ಸ್ಥಾನ ಅನ್ನುವುದೇ ಮಾತು. ಫೇಲಾದವರು ಯಾವುದರಲ್ಲಿ ಫೇಲಾದರು ಅಂತ ವಿಚಾರಿಸಿ, ಇಂಗ್ಲಿಷ್ ಹೆಸರು ಬಂದೇ ಬರುತ್ತದೆ. ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರುವಾಗಿದ್ದು 2007ರಲ್ಲಿ. ಈಗ ನನ್ನ ಎದುರು ಕೂರುವ ಎಂಟನೇ ತರಗತಿಯವರು ಏಳು ವರ್ಷ ಇಂಗ್ಲಿಷ್ ಪುಸ್ತಕ ಹೊತ್ತು ಬಂದವರು. ಹಾಗಿದ್ದೂ ಹೆಸರು ಕೇಳಿದರೆ ತಲೆ ತಗ್ಗಿಸುತ್ತಾರೆ. ತಗ್ಗಿಸುವುದು ಯಾಕೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಮಿಡಿಗೇಶಿ ಬಂತು. ಇಲ್ಲೂ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಬೆಳಕಾಗಿದೆ. ಹುಣಸೆ ಮರದ ಕೆಳಗೆ ಹಾಲಿನ ಕ್ಯಾನುಗಳು. ಇಲ್ಲಿ ಹತ್ತಿದ ಅಜ್ಜಿ ನನ್ನ ಬ್ಯಾಗಿಗೆ ಒರಗಿ, "ಎಲ್ಲಿಗವ್ವ?" ಎನ್ನುತ್ತಾಳೆ. "ಪಾವಗಡಕ್ಕಜ್ಜಿ, ಇಸ್ಕೂಲಿಗೆ." "ಗೌರ್ಮೆಂಟಾ?" "ಅತಿಥಿ ಶಿಕ್ಷಕಿ." ಅಜ್ಜಿ ಸುಮ್ಮನಾಗುತ್ತಾಳೆ. ಅತಿಥಿ ಎಂದರೆ ಕಾಯಂ ಅಲ್ಲ ಅನ್ನುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು.

ದ್ವೀಪದಲ್ಲೂ ನಾನು ಅತಿಥಿಯೇ. ರಾಜಧಾನಿ ಮಾಲೆಯಿಂದ ಒಂದು ರಾತ್ರಿ ಹಡಗಿನಂಥ ದೊಡ್ಡ ದೋಣಿಯಲ್ಲಿ ಅಕ್ಕಿ ಮೂಟೆ, ಸಿಮೆಂಟು, ಕೋಳಿ ಮೊಟ್ಟೆಗಳ ನಡುವೆ ಕೂತು ಹೋದವಳು. ವಾಂತಿ ಮಾಡಿ ಸುಸ್ತಾಗಿದ್ದೆ. ಬೆಳಗ್ಗೆ ಯಾರೋ "ಧೋನಿ, ಧೋನಿ" ಎಂದು ಕೂಗಿದ್ದು ಕಿವಿಗೆ ಬಿತ್ತು. ಅವರ ಭಾಷೆ ದಿವೇಹಿಯಲ್ಲೂ ದೋಣಿಗೆ ಹೆಚ್ಚುಕಡಿಮೆ ದೋಣಿಯೇ! ಆ ಒಂದು ಶಬ್ದ ಹಿಡಿದುಕೊಂಡು ದಡಕ್ಕೆ ಇಳಿದೆ. ಬಿಳಿ ಮರಳಿನ ಬೀದಿ. ಮನೆ ಮುಂದೆ ಕಬ್ಬಿಣದ ಚೌಕಟ್ಟಿಗೆ ಹಗ್ಗದ ಬಲೆ ಹೆಣೆದ ಕುರ್ಚಿಗಳು, ಅದಕ್ಕೆ ಜೋಲಿ ಅನ್ನುತ್ತಾರೆ. ಇನ್ನೊಂದು ಪರಿಚಯದ ಶಬ್ದ.

ಆ ದೇಶದಲ್ಲಿ ಸುಮಾರು 1,190 ದ್ವೀಪಗಳು. ಜನ ವಾಸವಿರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ನಮ್ಮ ದ್ವೀಪದ ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದ ನಡಿಗೆ. ಶುಕ್ರವಾರ, ಶನಿವಾರ ರಜೆ. ವಾರ ಹುಟ್ಟುವುದು ಭಾನುವಾರ. ದಿವೇಹಿ ಮತ್ತು ಇಸ್ಲಾಂ ಪಾಠ ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ. ದಿವೇಹಿಯ ತಾನಾ ಲಿಪಿ ಬಲದಿಂದ ಎಡಕ್ಕೆ ಸಾಗುತ್ತದೆ. ಹಾಗಾಗಿ ಮಕ್ಕಳು ದಿವೇಹಿ ನೋಟ್‌ಬುಕ್ಕನ್ನು ನಮಗೆ ಕೊನೆಯಾದ ಕಡೆಯಿಂದ ತೆರೆಯುತ್ತಾರೆ, ಇಂಗ್ಲಿಷಿನದನ್ನು ಈ ಕಡೆಯಿಂದ. ಒಂದೇ ಬ್ಯಾಗಿನಲ್ಲಿ ಎರಡೂ. ಯಾವ ಮಗುವೂ ಅದನ್ನು ಕಷ್ಟ ಎಂದಿದ್ದು ನಾನು ಕೇಳಿಲ್ಲ.

ದಿವೇಹಿ ಆಡುವವರು ನಾಲ್ಕು ಲಕ್ಷದ ಆಸುಪಾಸು. ನಮ್ಮ ಶಿರಾ, ಪಾವಗಡ ಎರಡು ತಾಲ್ಲೂಕಿನ ಜನ ಸೇರಿದರೆ ಅದನ್ನು ಮೀರುತ್ತಾರೆ. ಆದರೂ ಆ ಮಕ್ಕಳು ಇಂಗ್ಲಿಷಿನ ಎದುರು ಕುಗ್ಗುವುದಿಲ್ಲ. ಹವಳದ ಉಂಗುರದಂಥ ದ್ವೀಪಸಾಲಿಗೆ ಇಂಗ್ಲಿಷಿನಲ್ಲಿ ಅಟಾಲ್ ಎನ್ನುತ್ತಾರಲ್ಲ, ಆ ಶಬ್ದ ಇಂಗ್ಲಿಷಿಗೆ ಹೋಗಿದ್ದು ದಿವೇಹಿಯಿಂದ. ಇದನ್ನು ಅಲ್ಲಿ ಐದನೇ ಕ್ಲಾಸಿನ ಮಗುವೂ ಹೊಸ ಮಿಸ್‌ಗೆ ಹೇಳಿಬಿಡುತ್ತದೆ. ಇಂಗ್ಲಿಷಿಗೆ ಸಾಲ ಕೊಟ್ಟವರು ನಾವು ಅನ್ನುವ ಧೈರ್ಯ ಅವರದು.

ಈಗ ಹೊರಗೆ ನೋಡಿ, ಅಂಗಡಿ ಬೋರ್ಡಿನ ಅಕ್ಷರ ಬದಲಾಯಿತು. ಆಂಧ್ರ ಬಂತು, ಮಡಕಶಿರಾ ಸೀಮೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗಬೇಕಾದರೆ ಇನ್ನೊಂದು ರಾಜ್ಯದ ನೆಲ ತುಳಿದು ಹೋಗಬೇಕು. ಇಲ್ಲೂ ಕನ್ನಡದ ಮನೆಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಮ್ಯಾಪು ಬಿಡಿಸಿದರೆ ನಮ್ಮ ಜಿಲ್ಲೆಯಿಂದ ಕಳಚಿಕೊಂಡು ತೇಲಿಹೋದ ತುಂಡಿನ ಹಾಗೆ ಕಾಣುತ್ತದೆ. ವಾಪಸ್ ಬಂದ ಮೇಲೆ ನನಗೆ ಕೆಲಸ ಸಿಕ್ಕಿದ್ದು ಇಲ್ಲೇ. ಅಮ್ಮ ಅಂದಳು, "ಒಂದು ದ್ವೀಪದಿಂದ ಬಂದು ಇನ್ನೊಂದಕ್ಕೆ ಹೊಂಟೆ."

ವಾಪಸ್ ಬರುವುದನ್ನು ಜನ ಸುಲಭ ಅಂದುಕೊಳ್ಳುತ್ತಾರೆ. ಮೊದಲ ತಿಂಗಳು ಮಧುಗಿರಿಯಲ್ಲಿ ಶುಕ್ರವಾರ ಬಂದರೆ ಸಾಕು, ಮೈ ರಜೆ ಕೇಳುತ್ತಿತ್ತು. ಸಂಜೆ ನಡೆಯಲು ಹೋದರೆ ಇಪ್ಪತ್ತು ನಿಮಿಷಕ್ಕೆ ಕಾಲು ತಾನಾಗಿ ನಿಲ್ಲುತ್ತಿತ್ತು, ಮುಂದೆ ನೀರಿರಬೇಕಲ್ಲ ಅಂತ. ರಸ್ತೆ ಮುಂದಕ್ಕೆ ಹೋಗುತ್ತಲೇ ಇರುತ್ತಿತ್ತು. ರಾತ್ರಿ ಕಡಲ ಸದ್ದಿಲ್ಲದೆ ಎಚ್ಚರವಾಗುತ್ತಿತ್ತು. ನೆಂಟರು ಬಂದರೆ ಎರಡೇ ಪ್ರಶ್ನೆ. ಎಷ್ಟು ಕೊಡ್ತಿದ್ರು? ಅಲ್ಲೇ ಇರಬಾರದಾಗಿತ್ತಾ? ಅಲ್ಲಿನ ಮಕ್ಕಳು ಹೆಂಗಿದ್ದರು ಎಂದು ಕೇಳಿದವರು ಒಬ್ಬರೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನಾನು ಒಯ್ದ ಐದು ಕೆಜಿ ರಾಗಿಹಿಟ್ಟಿನಲ್ಲಿ ಒಂದು ದಿನ ಮುದ್ದೆ ಮಾಡಿ ಬಡಿಸಿದಾಗ ಅವರು ಚಾಕೊಲೇಟ್ ಅಂದುಕೊಂಡು ಕಚ್ಚಿದ್ದನ್ನು. ಅಗಿಯಬೇಡಿ, ನುಂಗಿ ಎಂದಾಗ ಅವರ ಕಣ್ಣು ಎಷ್ಟು ದೊಡ್ಡದಾದವು ಎಂಬುದನ್ನು.

ಪಾವಗಡ. ಇಳಿಯೋಣ. ಕೋಟೆ ಬೆಟ್ಟದ ಕೆಳಗೆ ಊರು ಎದ್ದಿದೆ. ಶನಿವಾರವಾಗಿದ್ದರೆ ಶನಿಮಹಾತ್ಮನ ಗುಡಿಗೆ ಬಂದವರಿಂದ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇಲ್ಲಿಂದ ತಿರುಮಣಿ ಕಡೆಯ ಬಸ್ಸು ಹಿಡಿಯಬೇಕು. ಎರಡೂ ಬದಿ ಕಡ್ಲೆಕಾಯಿ ಹೊಲ, ಅಲ್ಲಲ್ಲಿ ಬೀಳು. ಇಲ್ಲಿ ವರ್ಷಕ್ಕೆ ಬೀಳುವ ಮಳೆ 500, 600 ಮಿಲಿಮೀಟರ್ ಆದರೆ ಹೆಚ್ಚು. ಒಂದು ಏರು ಹತ್ತಿ ಬಸ್ಸು ತಿರುಗುತ್ತದೆ. ಈಗ ನೋಡಿ.

ಸಮುದ್ರ ಕಂಡಿತಲ್ಲವೇ? ಮೊದಲ ದಿನ ನನ್ನ ಎದೆ ಧಸಕ್ಕೆಂದಿತ್ತು. ಸೂರ್ಯನ ಬೆಳಕಿಗೆ ನೀಲಿಯಾಗಿ, ಕಣ್ಣು ಹೋದಷ್ಟು ದೂರ ಹಾಸಿಕೊಂಡಿದೆ. ಅದು ನೀರಲ್ಲ, ಸೋಲಾರ್ ಪ್ಯಾನೆಲ್ಲು. ಐದು ಹಳ್ಳಿಗಳ 13,000 ಎಕರೆ, 2,050 ಮೆಗಾವಾಟ್ ವಿದ್ಯುತ್ತು. 2018ರಲ್ಲಿ ಉದ್ಘಾಟನೆಯಾಯಿತು. ಜಮೀನು ಕೊಂಡದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಜಮೀನಿದ್ದವರಿಗೆ ಬರಗಾಲದಲ್ಲೂ ಕೈಗೆ ದುಡ್ಡು ಬಂತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ದುಡ್ಡೂ ಇಲ್ಲ, ಕೂಲಿಯೂ ಇಲ್ಲ. ನನ್ನ ಕ್ಲಾಸಿನಲ್ಲಿ ಎರಡೂ ಬಗೆಯ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಶಾಲೆ ಬಂತು. ಪ್ರಾರ್ಥನೆ ಮುಗಿದಿದೆ. ಎಂಟನೇ ತರಗತಿ, ಮೊದಲ ಪಿರಿಯಡ್. ನೀವು ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಮಕ್ಕಳು ಒಂದೆರಡು ಸಲ ತಿರುಗಿ ನೋಡಿ ಸುಮ್ಮನಾಗುತ್ತಾರೆ. ಸಾಲಿನಲ್ಲಿ ಮೂರನೆಯವಳನ್ನು ನೋಡಿ. ಎರಡು ಜಡೆ. ಮಾತಾಡುವಾಗ ಅಂಗೈ ಬಾಯಿಯ ಮೇಲೆ. ಹೋದ ವರ್ಷ ನಾನು ಸೋತದ್ದು ಇವಳ ಎದುರು.

ನಮ್ಮ ಮಕ್ಕಳು ಫ್ಯಾನಿಗೆ ಪ್ಯಾನ್ ಅನ್ನುತ್ತಾರೆ, ಫಿಶ್‌ಗೆ ಪಿಶ್. ದ್ವೀಪದ ಮಕ್ಕಳಿಗೆ ಫ ಸಲೀಸು. ಯಾಕೆಂದರೆ ಅವರ ಭಾಷೆಯಲ್ಲಿ ಹಳೆಯ ಪ ಎಲ್ಲವೂ ಫ ಆಗಿದೆ. ಪಂಚ ಅನ್ನುವ ಐದು ಅಲ್ಲಿ ಫಸ್. ಪಾದ ಫೈ. ಪುಸ್ತಕ ಫೊಯ್. ಪಾನೀಯ ಅನ್ನುವ ನೀರು ಫೆನ್. ಕನ್ನಡದಲ್ಲಿ ಆ ಪ ಇನ್ನೊಂದು ದಾರಿ ಹಿಡಿಯಿತು. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಮಧುಗಿರಿ, ಕೊರಟಗೆರೆ ಹಳ್ಳಿಗಳಲ್ಲಿ ಆ ಹ ಕೂಡ ಉದುರಿ ಆಲು, ಉಲಿ ಆಗಿದೆ. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ. ಒಂದೇ ಸದ್ದು ಒಂದು ಕಡೆ ಕಡಲ ನಡುವೆ ಫ ಆಗಿ ಉಳಿಯಿತು, ಇಲ್ಲಿ ಬೆಟ್ಟದ ಬುಡದಲ್ಲಿ ಬರೀ ಉಸಿರಾಗಿ ಕರಗಿತು.

ಅದಕ್ಕೇ ಹೋದ ವರ್ಷ ಉತ್ಸಾಹದಲ್ಲಿ ಫ ಕಲಿಸಲು ನಿಂತೆ. ಮೇಲಿನ ಹಲ್ಲು ಕೆಳತುಟಿಯ ಮೇಲೆ ಇಡಿ, ಗಾಳಿ ಬಿಡಿ. ಎಲ್ಲರೂ ಮಾಡಿದರು. ಇವಳು ಮಾತ್ರ ಕೈ ತೆಗೆಯಲಿಲ್ಲ. ನಾಚಿಕೆ ಅಂದುಕೊಂಡೆ. ಹತ್ತಿರ ಹೋಗಿ, ಎಲ್ಲರ ಮುಂದೆ, "ಕೈ ತೆಗಿಯಮ್ಮ, ಬಾಯಿ ಬಿಟ್ಟು ಹೇಳು" ಅಂದೆ. ಎರಡು ಸಲ ಅಂದೆ. ಅವಳು ಕೈ ತೆಗೆದಳು. ಮೇಲಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ನಡುವೆ ಸುಣ್ಣದ ಬೊಟ್ಟಿನಂಥ ಬಿಳಿ. ಫ್ಲೋರೋಸಿಸ್. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎರಡು ದಿನ ಅವಳು ಶಾಲೆಗೆ ಬರಲಿಲ್ಲ.

ಆ ತಪ್ಪು ನನ್ನದು. ಮಧುಗಿರಿಯಲ್ಲಿ ಹುಟ್ಟಿ ಬೆಳೆದವಳು ನಾನು, ಪಾವಗಡದ ನೀರಿನ ಸುದ್ದಿ ಕೇಳದವಳೇನಲ್ಲ. ಬೋರ್‌ವೆಲ್ ಆಳಕ್ಕೆ ಹೋದಂತೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಮಗುವಿನ ಹಲ್ಲು ವಸಡಿನೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಆ ನೀರು ಕುಡಿದರೆ ಕಲೆ ಹಲ್ಲಿನೊಂದಿಗೇ ಹುಟ್ಟುತ್ತದೆ. ಆಮೇಲೆ ಎಷ್ಟು ಒಳ್ಳೆಯ ನೀರು ಕೊಟ್ಟರೂ ಅಳಿಸುವುದಿಲ್ಲ. ದೊಡ್ಡವರ ಮೂಳೆಗೂ ಬರುತ್ತದೆ. ಬೆನ್ನು ಬಾಗಿ, ಮಂಡಿ ಮಡಿಸಲಾರದ ಅಜ್ಜಂದಿರು ಇಲ್ಲಿ ಕಟ್ಟೆಯ ಮೇಲೆ ಕೂತಿರುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ, ಪ ಅನ್ನಲು ತುಟಿ ಮುಚ್ಚಿದರೆ ಸಾಕು, ಫ ಅನ್ನಲು ಹಲ್ಲು ತೋರಿಸಲೇಬೇಕು ಅನ್ನುವುದು ನನಗೆ ಹೊಳೆದಿರಲಿಲ್ಲ. ಏಳು ವರ್ಷ ಇಂಗ್ಲಿಷ್ ಓದಿದ ಮಕ್ಕಳು ಬಾಯಿ ಬಿಡುವುದಿಲ್ಲ ಎಂದು ದೂರುವ ನಾವು ಆ ಬಾಯೊಳಗೆ ಏನಿದೆ ಎಂದು ನೋಡಿರಲಿಲ್ಲ.

ಮೂರನೇ ದಿನ ಅವಳು ಬಂದಳು. ನಾನು ಪುಸ್ತಕ ತೆರೆಯಲಿಲ್ಲ. ಬೋರ್ಡಿನ ಮೇಲೆ ನೀರು ಎಂದು ಬರೆದೆ. ನಿಮ್ಮ ಮನೇಲಿ ಏನಂತೀರಿ? "ನೀಳ್ಳು" ಎಂದು ಅರ್ಧ ಕ್ಲಾಸು ಕೂಗಿತು. ಇಲ್ಲಿ ಬಹಳ ಮನೆಗಳಲ್ಲಿ ತೆಲುಗು. ಮೂಲೆಯಿಂದ ಒಬ್ಬ ಹುಡುಗ "ಪಾನಿ" ಅಂದ, ಅವರ ಮನೆಯಲ್ಲಿ ಉರ್ದು. ನಾನು ಪಕ್ಕದಲ್ಲಿ ಫೆನ್ ಎಂದು ಬರೆದೆ. ಇದು ಸಮುದ್ರದ ನಡುವೆ ಇರುವವರ ಮಾತು, ಇದು ನಿನ್ನ ಪಾನಿಯ ತಂಗಿ ಕಣೋ ಅಂದೆ. ಅವನ ಮುಖ ನೋಡಬೇಕಿತ್ತು. ಕೊನೆಗೆ ವಾಟರ್ ಬರೆದೆ. ಐದು ಶಬ್ದ ಸಾಲಾಗಿ ನಿಂತವು. ಅಲ್ಲಿಯವರೆಗೆ ಆ ಮಕ್ಕಳು ತಮಗೆ ಇಂಗ್ಲಿಷ್ ಬರಲ್ಲ ಅನ್ನುವುದೊಂದನ್ನೇ ತಿಳಿದಿದ್ದರು. ತಮಗೆ ಎರಡು ಮೂರು ಭಾಷೆ ಬರುತ್ತದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇಂಗ್ಲಿಷ್ ಕಲಿಸಲು ದಾರಿಗಳು ಹಲವು. ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತದ ಇಂಗ್ಲಿಷ್ ಶಿಕ್ಷಕರಿಗೆಂದೇ 1963ರಿಂದ ಒಂದು ಪ್ರಾದೇಶಿಕ ಸಂಸ್ಥೆ ಇದೆ. ಅಲ್ಲಿ ತಿಂಗಳ ತರಬೇತಿ ಪಡೆದು ಬಂದ ಸಹೋದ್ಯೋಗಿಗಳು ನನಗೆ ಎಷ್ಟೋ ಆಟ, ಪದ್ಧತಿ ಹೇಳಿಕೊಟ್ಟಿದ್ದಾರೆ. ಶಿರಾದಲ್ಲಿ ಪಾಠ ಮಾಡುವ ಗೆಳತಿಯೊಬ್ಬಳು ಮಕ್ಕಳನ್ನು ಅಲ್ಲಿನ ಹಳೆಯ ಸ್ಮಾರಕವಾದ ಮಲಿಕ್ ರಿಹಾನನ ಗೋರಿಯ ಬಳಿ ಕೂರಿಸಿ ಒಂದೊಂದು ವಾಕ್ಯ ಬರೆಸುತ್ತಾಳೆ. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿದ್ದ ಊರು, ಬರೆಯಲು ಏನು ಕಡಿಮೆ? ಕಗ್ಗಲಡು ಗ್ರಾಮದ ಹುಣಸೆ ಮರಗಳಿಗೆ ಬಣ್ಣದ ಕೊಕ್ಕರೆ ಬಂದಾಗ ಅಲ್ಲಿಗೂ ಕರೆದೊಯ್ಯುತ್ತಾಳೆ. ನನ್ನ ಮಕ್ಕಳಿಗೆ ನಾನು ಆರಿಸಿಕೊಂಡದ್ದು ನೀರು.

ಬನ್ನಿ, ಎರಡನೇ ಪಿರಿಯಡ್ ಕೂಡ ನನ್ನದೇ. ಊರೊಳಗಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೊರಟಿದ್ದೇವೆ. ಬಿಸಿಲು ಆಗಲೇ ಚುರುಗುಟ್ಟುತ್ತಿದೆ. ಸಣ್ಣ ಕೋಣೆ, ಎದುರು ಬಿಂದಿಗೆ, ಕ್ಯಾನುಗಳ ಸಾಲು. ಕಾಯಿನ್ ಹಾಕಿದರೆ ನಲ್ಲಿ ಬಿಡುತ್ತದೆ. ಒಳಗಿನ ಮಿಷಿನ್ ನೋಡಿ, ಉದ್ದನೆಯ ಬಿಳಿ ಕೊಳವೆಗಳು. ನಾನು ಇದನ್ನು ಮೊದಲು ಕಂಡದ್ದು ಕಡಲ ದಡದಲ್ಲಿ. ದ್ವೀಪದಲ್ಲಿ ನೆಲದ ಕೆಳಗೆ ಸಿಹಿನೀರು ತೆಳುವಾದ ಪದರವಾಗಿ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. 2004ರ ಡಿಸೆಂಬರಿನ ಸುನಾಮಿ ಎಷ್ಟೋ ದ್ವೀಪಗಳಲ್ಲಿ ಆ ಪದರವನ್ನು ಕೆಡಿಸಿತು. ಅಲ್ಲಿ ಮಳೆ ನಮ್ಮ ಮೂರರಷ್ಟು, ಮನೆಮನೆಗೂ ಸೂರಿನ ನೀರು ಹಿಡಿಯುವ ಟ್ಯಾಂಕು. ಮಳೆ ತಡವಾದರೆ ಸಮುದ್ರದ ನೀರನ್ನೇ ಇಂಥ ಪೊರೆಗಳ ಮೂಲಕ ಒತ್ತಿ ಉಪ್ಪು ತೆಗೆಯಬೇಕು. 2014ರ ಡಿಸೆಂಬರ್ 4ರಂದು ಮಾಲೆಯ ಅಂಥ ಘಟಕಕ್ಕೆ ಬೆಂಕಿ ಬಿದ್ದು ರಾಜಧಾನಿಗೇ ಕುಡಿಯುವ ನೀರಿಲ್ಲದಂತಾಯಿತು. ಭಾರತ ವಿಮಾನದಲ್ಲಿ, ನೌಕಾಪಡೆಯ ಹಡಗಿನಲ್ಲಿ ನೀರು ಕಳಿಸಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ನೀರ್. ದ್ವೀಪದ ಹಿರಿಯರು ಅದನ್ನು ನನಗೆ ನಾಲ್ಕಾರು ಸಲ ಹೇಳಿದ್ದರು, ನಾನೇ ಬಿಂದಿಗೆ ಹೊತ್ತು ತಂದವಳೇನೋ ಅನ್ನುವಷ್ಟು ಪ್ರೀತಿಯಿಂದ.

ಮಕ್ಕಳಿಗೆ ಇದನ್ನು ಹೇಳಿದೆ. ಸುತ್ತಲೂ ನೀರಿದ್ದೂ ಕುಡಿಯಲು ಇಲ್ಲದವರು ಅವರು, ಅವರ ನೀರು ತೊಳೆಯುವ ಮಿಷಿನ್ನೇ ಇದು ಎಂದೆ. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು, ತೆಲುಗು, ಕನ್ನಡ, ಅದರ ನಡುವೆ ಸಾಲ್ಟ್, ಪೈಪ್, ಟ್ಯಾಂಕ್. ಸಾಲಿನಲ್ಲಿ ನಿಂತ ಹೆಂಗಸೊಬ್ಬಳು, "ಮಿಸ್, ಮೊನ್ನೆ ಎರಡು ದಿನ ನೀಳ್ಳು ರಾಲೇದು, ಅದನ್ನೂ ಬರಿಸ್ರಿ" ಅಂದಳು. ನೀರು ಬಂದಿರಲಿಲ್ಲವಂತೆ. ಬರೆಸಿದೆ. ತುಂಗಭದ್ರೆಯ ಹಿನ್ನೀರು ಪೈಪಿನಲ್ಲಿ ಈ ಕಡೆಗೆ ಬರುವ ಯೋಜನೆಯ ಬಗ್ಗೆ ಇನ್ನೊಬ್ಬ ಬರೆದ. ಕಾಗುಣಿತ, ವ್ಯಾಕರಣ ಎಲ್ಲ ಆಮೇಲೆ. ಒಂದು ಪುಟ ತುಂಬಿತು.

ಎರಡು ಜಡೆಯವಳು ನನ್ನ ಪಕ್ಕಕ್ಕೆ ಬಂದು ನಿಂತಳು. "ಮಿಸ್, ಅವರ ಸಮುದ್ರದಾಗೆ ಫ್ಲೋರೈಡ್ ಐತಾ?"

ಪ್ಲೋರೈಡ್ ಎನ್ನಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಅವರನ್ನೇ ಕೇಳೋಣ ಅಂದೆ. ದ್ವೀಪದಲ್ಲಿ ನನ್ನ ಕೈಯಲ್ಲಿ ಕಲಿತ ಒಬ್ಬಳು ಈಗ ಹತ್ತನೇ ತರಗತಿ, ಅವಳ ಅಮ್ಮನ ನಂಬರ್ ನನ್ನಲ್ಲಿದೆ. ವಾಯ್ಸ್ ಮೆಸೇಜ್ ಕಳಿಸೋಣ, ನೀನೇ ಕೇಳು ಅಂದೆ. ಇಂಗ್ಲಿಷಿನಲ್ಲಿ ಹೇಗೆ ಕೇಳುವುದು ಎಂದು ಆರು ಜನ ಸೇರಿ ವಾಕ್ಯ ಕಟ್ಟಿದರು, ಒಡೆದರು, ಮತ್ತೆ ಕಟ್ಟಿದರು. ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದು ಕೈಯಲ್ಲಿ ನನ್ನ ಮೊಬೈಲು. ಬಾಯಿ ಮುಚ್ಚಲು ಮೂರನೇ ಕೈ ಇಲ್ಲ. ಈಸ್ ದೇರ್ ಫ್ಲೋರೈಡ್ ಇನ್ ಯುವರ್ ಸೀ? ಹೇಳಿ ಮುಗಿಸಿ ಉಸಿರು ಬಿಟ್ಟಳು.

ಮಧ್ಯಾಹ್ನ ವಿಜ್ಞಾನದ ಮೇಷ್ಟ್ರು ಪುಸ್ತಕ ತೆಗೆದು ತೋರಿಸಿದರು. ಸಮುದ್ರದ ನೀರಿನಲ್ಲೂ ಫ್ಲೋರೈಡ್ ಇದೆ, ಲೀಟರಿಗೆ ಸುಮಾರು 1.3 ಮಿಲಿಗ್ರಾಂ. ಈ ಸೀಮೆಯ ಎಷ್ಟೋ ಬೋರ್‌ವೆಲ್ ನೀರಿಗಿಂತ ಕಡಿಮೆ. ಅವಳಿಗೆ ಇನ್ನೂ ಹೇಳಿಲ್ಲ. ದ್ವೀಪದಿಂದ ಉತ್ತರ ಬರಲಿ, ಅದನ್ನು ಅವಳೇ ಕೇಳಿ, ಅವಳೇ ಕ್ಲಾಸಿಗೆ ಹೇಳಲಿ.

ಈಗ ನಾಲ್ಕೂವರೆ. ಬೆಲ್ ಹೊಡೆಯಿತು. ಗೇಟಿನ ಹತ್ತಿರ ಅವಳು ನಿಂತಿದ್ದಾಳೆ, ಬ್ಯಾಗು ಒಂದೇ ಭುಜಕ್ಕೆ. ಉತ್ತರ ಬಂತಾ ಅನ್ನುವುದಿಲ್ಲ. ಮೊಬೈಲಿನ ಕಡೆ ಗಲ್ಲ ಚಾಚಿ, "ಅದನ್ನ ಇನ್ನೊಂದ್ ಸಲ ಹಾಕಿ ಮಿಸ್" ಎನ್ನುತ್ತಾಳೆ. ಹಾಕುತ್ತೇನೆ. ಬಿಸಿಲಿಗೆ ಪ್ಯಾನೆಲ್ಲುಗಳು ಇನ್ನೂ ಮಿನುಗುತ್ತಿವೆ. ಅವಳು ತಲೆ ಬಗ್ಗಿಸಿ ತನ್ನ ದನಿಯನ್ನು ತಾನೇ ಕೇಳುತ್ತಿದ್ದಾಳೆ.